ಏನ್ ಕಾಣ್ತೈತೆ ಹೇಳ್ರಿ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲೆ ಸಣ್ಣದೊಂದು ಹಾಲ್ ಇದೆ. ಪ್ರತಿ ಗುರುವಾರ ಸಂಜೆ ನಾವೊಂದಿಷ್ಟು ಜನ ಅಲ್ಲಿ ಧ್ಯಾನಕ್ಕೆ ಕೂರುತ್ತೇವೆ. ಹೋದ ಗುರುವಾರ ಯಾರೋ ತಮ್ಮ ಮೊಬೈಲನ್ನು ಸ್ಟೂಲಿನ ಮೇಲಿಟ್ಟು ಅದರಲ್ಲಿ ಬರುವ ಧ್ಯಾನವನ್ನೇ ಹಚ್ಚಿದರು. ಮೊದಲು ಕೊಳಲು, ಆಮೇಲೆ ಅಲೆಯ ಸದ್ದು, ಅದರ ಹಿಂದೆ ತೆಳ್ಳನೆಯ ಒಂದು ಹೆಣ್ಣುದನಿ. ನೀವೀಗ ಸಮುದ್ರದ ದಂಡೆಯಲ್ಲಿ ನಿಂತಿದ್ದೀರಿ, ಅಲೆಗಳು ನಿಮ್ಮ ಪಾದವನ್ನು ಮುಟ್ಟುತ್ತಿವೆ ಎಂದು ಅದು ಹೇಳುತ್ತಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ನನ್ನ ಪಕ್ಕದಲ್ಲಿದ್ದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಕಣ್ಣು ಮುಚ್ಚಿಕೊಂಡೇ, "ಎಷ್ಟೊತ್ತು ನಿಲ್ಲಿಸ್ತಾಳ್ರಿ ಈಯಮ್ಮ, ಉಪ್ಪುನೀರಿನಾಗೆ ನನ್ನ ಪ್ಯಾಂಟು ತೋಯ್ತು," ಎಂದರು. ಕೂತವರೆಲ್ಲ ನಕ್ಕರು. ನಕ್ಕು ಮುಗಿದ ಮೇಲೆ ಎಲ್ಲರ ಕಣ್ಣೂ ಗೋಡೆಯ ಕಡೆಗೆ ಹೋಯಿತು. ಗೋಡೆಗೆ ಬೆನ್ನು ಕೊಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಚಪ್ಪಲಿ ಬಿಟ್ಟು ಕೂರುತ್ತಿದ್ದವರು ಈಗ ಇಲ್ಲ ಎನ್ನುವುದು ಎಲ್ಲರಿಗೂ ಒಟ್ಟಿಗೇ ನೆನಪಾಗಿತ್ತು.

ಅವರು ತೀರಿಕೊಂಡು ಇನ್ನೂ ಹೆಚ್ಚು ದಿನ ಆಗಿಲ್ಲ. ಹೆಸರು ಬರೆಯುವುದು ಬೇಡ, ಅವರಿಗೆ ಅದು ಹಿಡಿಸುತ್ತಿರಲಿಲ್ಲ. ನಮಗೆಲ್ಲ ಅವರು ಸಿಸ್ಟರು. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಕೂದಲು ಹಣ್ಣಾಗುವ ತನಕ ನರ್ಸಾಗಿ ದುಡಿದವರು. ನಮ್ಮ ಅತ್ತೆ ಕೈ ನಡುಗುತ್ತದೆಂದು ಪೂಜೆ ಬಿಟ್ಟಿದ್ದರು, ಪೂಜೆಯಿಲ್ಲವೆಂದು ಊಟವನ್ನೂ ಬಿಡುತ್ತ ಬಂದಿದ್ದರು. ಅಂಥವರನ್ನು ಮತ್ತೆ ಮಣೆಯ ಮೇಲೆ ಕೂರಿಸಿದವರು ಸಿಸ್ಟರು. ಅದನ್ನು ಬರೆಯಬೇಕೆಂದೇ ಕೂತಿದ್ದೇನೆ. ಆದರೆ ಅವರು ಎಂಥವರೆಂದು ಮೊದಲು ಹೇಳದಿದ್ದರೆ ಅದು ನಂಬುವ ಮಾತಿನ ಹಾಗೆ ಕೇಳಿಸುವುದಿಲ್ಲ.

ಸಿಸ್ಟರಿಗೆ ಧ್ಯಾನ ಕಲಿಸಿದ ಗುರುಗಳು ಯಾರೂ ಇರಲಿಲ್ಲ. ಸುಟ್ಟ ಗಾಯಗಳ ವಾರ್ಡಿನಲ್ಲಿ ಅವರು ಅದನ್ನು ತಾವೇ ಕಂಡುಕೊಂಡದ್ದು. ಡ್ರೆಸ್ಸಿಂಗ್ ಬಿಚ್ಚುವಾಗಿನ ನೋವು ನೋಡುವುದಕ್ಕೂ ಆಗುವುದಿಲ್ಲವಂತೆ. ಮಂಡಕ್ಕಿ ಭಟ್ಟಿಯಲ್ಲಿ ಒಂದು ಕೈಯನ್ನು ಮೊಣಕೈ ತನಕ ಸುಟ್ಟುಕೊಂಡ ಒಬ್ಬ ಹುಡುಗ ಹಾಸಿಗೆ ಹಿಡಿದು ಕೂಗುತ್ತಿದ್ದಾಗ, ಇವರಿಗೆ ಏನೂ ತೋಚದೆ, "ಇಲ್ಲಿಂದ ನಿಮ್ಮ ಮನಿಗೆ ಹೆಂಗೆ ಹೋಗಬೇಕಪ್ಪ?" ಎಂದು ಕೇಳಿದರಂತೆ. ಆತ ಹಲ್ಲು ಕಚ್ಚಿಕೊಂಡು ದಾರಿ ಹೇಳಿದ. ಓಣಿಯ ಮೂಲೆಯಲ್ಲಿ ಏನೈತೆ? ಸೈಕಲ್ ಶಾಪ್. ಶಾಪಿನ ಮುಂದೆ? ಕುಂಟ ನಾಯಿ. ಅದು ನಿನ್ನ ಗುರುತು ಹಿಡೀತೈತಾ? ಹಿಡೀತೈತೆ, ಬಾಲ ಅಲ್ಲಾಡಿಸ್ತೈತೆ. ಬಾಗಿಲು ಯಾವ ಬಣ್ಣ? ಹಸಿರು. ತೆಗೆದೋರು ಯಾರು? ಅಷ್ಟು ಹೊತ್ತಿಗೆ ಹೊಸ ಬಟ್ಟೆ ಸುತ್ತಿ ಮುಗಿದಿತ್ತು. ಆತನಿಗೆ ಗೊತ್ತೇ ಆಗಲಿಲ್ಲವಂತೆ. "ಮನೆ ಒಳಗೆ ಹೋಗ್ಬಿಟ್ಟಿದ್ದ, ವಾಪಸ್ ಕರಕಂಡು ಬರಾಕೆ ಮನಸ್ಸು ಬರ್ಲಿಲ್ಲ," ಎಂದು ನಮಗೆ ಹೇಳುತ್ತಿದ್ದರು.

ರಿಟೈರ್ ಆದ ಮೇಲೆ ಅದನ್ನೇ ನಮ್ಮಂಥ ಬಿ.ಪಿ., ಗ್ಯಾಸ್ಟ್ರಿಕ್, ನಿದ್ದೆ ಬಾರದ ಮಂದಿಗೆ ಮಾಡಿಸಲು ಶುರು ಮಾಡಿದರು. ಊದುಬತ್ತಿ ಇಲ್ಲ, ಸಂಗೀತ ಇಲ್ಲ. ವಾಚು ಬಿಚ್ಚಿ ಪರ್ಸಿನೊಳಗೆ ಹಾಕುವರು. ಕಣ್ಣು ಮುಚ್ಚಿಸಿ, ಉಸಿರು ನೋಡಿಕೊಳ್ಳಲು ಹೇಳಿ, ಆಮೇಲೆ ಒಬ್ಬೊಬ್ಬರ ಹತ್ತಿರ ಬಂದು ಮೆಲ್ಲಗೆ ಕೇಳುವರು: "ಏನ್ ಕಾಣ್ತೈತೆ ಹೇಳ್ರಿ."

ಮ್ಯಾನೇಜರು ಮೊದಲ ದಿನ ದೊಡ್ಡ ದನಿಯಲ್ಲಿ, "ಹಿಮಾಲಯ ಕಾಣ್ತೈತೆ ಸಿಸ್ಟರ್, ಕೈಲಾಸ," ಎಂದಿದ್ದರು.

"ಹೋಗಿ ಬಂದೀರೇನ್ರಿ?"

"ಇಲ್ಲ. ಕ್ಯಾಲೆಂಡರಿನಾಗೆ ನೋಡೀನಿ."

"ಹಂಗಾದ್ರೆ ನಿಮಗೆ ಕಾಣ್ತಿರದು ಕ್ಯಾಲೆಂಡರ್ರು. ಮೊಳೆ ಸಮೇತ. ಪಾದಕ್ಕೆ ಗೊತ್ತಿರೋ ಜಾಗಕ್ಕೆ ಹೋಗ್ರಿ."

ಪಾದಕ್ಕೆ ಗೊತ್ತಿರುವ ಜಾಗವೆಂದರೆ ಹರಿಹರದಲ್ಲಿ ಹೊಳೆಯ ಮೆಟ್ಟಿಲು ಎಂದು ಮ್ಯಾನೇಜರಿಗೆ ಆ ದಿನ ಹೊಳೆಯಿತು. ಅವರು ಈಜು ಕಲಿತದ್ದು ಅಲ್ಲೇ. ಎಷ್ಟನೆಯ ಮೆಟ್ಟಿಲಿಗೆ ಪಾಚಿ ಶುರುವಾಗುತ್ತದೆ, ಎಲ್ಲಿ ಕಾಲು ಜಾರುತ್ತದೆ, ನೀರು ಮೊದಲು ಮೊಣಕಾಲಿನ ಹಿಂಭಾಗಕ್ಕೆ ಹೇಗೆ ತಣ್ಣಗೆ ತಾಗುತ್ತದೆ ಎಂದು ಹೇಳುತ್ತ ಹೋದರು. ಹೇಳಿ ಮುಗಿಸಿದಾಗ ಆ ದೊಡ್ಡ ದನಿ ಎಲ್ಲೋ ಹೋಗಿತ್ತು. "ದೇವ್ರು ಇದ್ದಂಗಿತ್ರಿ ಆ ನೀರಾಗೆ," ಎಂದು ಪಿಸುಗುಟ್ಟಿದರು. ಸಿಸ್ಟರು ಬಗ್ಗಿ ಅವರ ಕಾಲ್ಬೆರಳು ನೋಡಿದರು. ಅದು ಅವರ ಪದ್ಧತಿ. ಯಾರ ಮನಸ್ಸು ನಿಂತಿದೆ, ಯಾರದು ಇನ್ನೂ ಓಡಾಡುತ್ತಿದೆ ಎಂದು ಅವರು ಕಾಲ್ಬೆರಳು ನೋಡಿ ಹೇಳುತ್ತಿದ್ದರು. "ಮುಖ ಆದ್ರೆ ಶಾಂತಿ ಸಿಕ್ಕೋರಂಗೆ ನಟನೆ ಮಾಡ್ತೈತೆ. ಕಾಲ್ಬೆರಳಿಗೆ ಅದೆಲ್ಲ ಬರಲ್ಲ."

ನನ್ನದೂ ಹೇಳಿಬಿಡುತ್ತೇನೆ. ಮೊದಲ ದಿನ ಕಣ್ಣು ಮುಚ್ಚಿದರೆ ನನಗೆ ಕಂಡದ್ದು ವಿದ್ಯಾನಗರದ ನಮ್ಮ ಮನೆಯ ಸಿಂಕು, ಅದರ ತುಂಬ ಪಾತ್ರೆ. ನಾಚಿಕೆಯಾಗಿ, ಏನೂ ಕಾಣ್ತಿಲ್ಲ ಸಿಸ್ಟರ್ ಎಂದೆ. ನನ್ನ ಕಾಲು ನೋಡಿದರೋ ಏನೋ, "ಏನೋ ಐತೆ, ಹೇಳ್ರಿ," ಎಂದರು. ಹೇಳಿದೆ. ನಗುವರೇನೋ ಎಂದುಕೊಂಡೆ. "ಹಂಗಾದ್ರೆ ತೊಳೀರಿ ಮತ್ತೆ," ಎಂದರು. "ಅವಸರ ಬ್ಯಾಡ. ಮೊದ್ಲು ಯಾವುದು ಕೈಗೆ ಸಿಕ್ತು?" ಹಾಲಿನ ಪಾತ್ರೆ. ತಳ ಹಿಡಿದದ್ದು. ನೆನೆಹಾಕಿ ಪಕ್ಕಕ್ಕಿಟ್ಟೆ. ಲೋಟ, ಸೌಟು, ಒಗ್ಗರಣೆ ಹುಟ್ಟು, ಒಂದೊಂದನ್ನೇ ತೊಳೆದು ಬೋರಲು ಹಾಕಿದೆ. ಕೊನೆಗೆ ಸಿಂಕು ಬರಿದಾಯಿತು. ಆ ಬರಿದಾದ ಸಿಂಕಿನ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಅದನ್ನು ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ, ಕಣ್ಣು ಬಿಟ್ಟಾಗ ಕೆನ್ನೆ ಒದ್ದೆಯಾಗಿತ್ತು. ಮನೆಯಲ್ಲಿ ಅಷ್ಟು ವರ್ಷ ಪಾತ್ರೆ ತೊಳೆದಿದ್ದೇನೆ. ಮುಗಿಯಿತು ಎಂದು ಸುಮ್ಮನೆ ನಿಂತದ್ದು ಆವತ್ತೇ ಮೊದಲು.

ಇಷ್ಟೆಲ್ಲ ಮಾಡಿಸಿ ಅವರು ಕೆಳಗಿಳಿದು ನೇರವಾಗಿ ಮಿರ್ಚಿ ಗಾಡಿಗೆ ಹೋಗುತ್ತಿದ್ದರು. ಧ್ಯಾನ ಮಾಡಿ ಬಂದು ಎಣ್ಣೆ ತಿಂಡಿಯೇನ್ರಿ ಎಂದು ಯಾರಾದರೂ ಅಂದರೆ, "ಶಾಂತಿ ಆದ್ರೆ ಹಸಿವಾಗ್ತೈತೆ ಕಣ್ರಿ, ನಿಮಗಿನ್ನೂ ಆಗಿಲ್ಲ," ಎಂದು ಮಂಡಕ್ಕಿಯ ಪೊಟ್ಟಣ ಅವರ ಮುಂದೆ ಹಿಡಿಯುವರು.

ಈಗ ಅತ್ತೆಯ ವಿಷಯ. ಅತ್ತೆಯ ತವರು ಕೊಕ್ಕನೂರು. ಬುದ್ಧಿ ಬಂದಾಗಿನಿಂದ ಲಿಂಗಪೂಜೆ ಮಾಡದೆ ಒಂದು ತುತ್ತು ಬಾಯಿಗಿಟ್ಟವರಲ್ಲ. ಬೆಳಿಗ್ಗೆ ಜಳಕವಾದ ಮೇಲೆ ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತರೆ ಗ್ಯಾಸಿನ ಮೇಲೆ ಹಾಲು ಉಕ್ಕಿದರೂ ತಿರುಗಿ ನೋಡುವವರಲ್ಲ. ಅಂಥವರಿಗೆ ಕೈ ನಡುಗುವ ರೋಗ ಬಂತು. ಒಂದು ಬೆಳಿಗ್ಗೆ ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿದ್ದು, ಮಣೆಯ ಕಾಲಿನ ತನಕ ಉರುಳಿತು. ನಮ್ಮ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಅತ್ತೆ ಅಳಲಿಲ್ಲ. ಎತ್ತಿ ಕಣ್ಣಿಗೊತ್ತಿಕೊಂಡು ಕರಡಿಗೆಯೊಳಗಿಟ್ಟು ಮುಚ್ಚಿದರು. ಮತ್ತೆ ತಾವಾಗಿ ತೆರೆಯಲಿಲ್ಲ.

ಮಠದಿಂದ ಅಯ್ಯನವರು ಬಂದು ಶುದ್ಧಿ ಮಾಡಿ, ದೋಷವೇನೂ ಇಲ್ಲವ್ವ, ಇನ್ನು ಮೇಲೆ ಒಂದು ತಾಟಿನಲ್ಲಿಟ್ಟು ಪೂಜೆ ಮಾಡು ಎಂದರು. ಅವರು ಹೋದ ಮೇಲೆ ಅತ್ತೆ, "ತಾಟಿಗಿಟ್ರೆ ಅದು ಗುಡಿ ಲಿಂಗ ಆಗ್ತೈತೆ. ನಂದು ಕೈ ಲಿಂಗ," ಎಂದರು. ನಮ್ಮ ಮನೆಯವರು ಹಾರ್ಡ್‌ವೇರ್ ಅಂಗಡಿಗೆ ಹೋಗುವುದನ್ನು ತಡಮಾಡಿ, ನಾನು ಕೈ ಹಿಡ್ಕಂತೀನಿ ಬಾರವ್ವ ಎಂದರೆ, "ನೀ ಹಿಡಿದ್ರೆ ಅದು ನಿನ್ನ ಪೂಜೆ, ಅಂಗಡಿಗೆ ನಡಿ," ಎಂದು ಕಳಿಸಿದರು. ದಿನಾ ಬೆಳಿಗ್ಗೆ ಮುಚ್ಚಿದ ಕರಡಿಗೆಯನ್ನು ಹಿಡಿದು ಕೂರುವುದು, ಎದ್ದು ಹೋಗಿ ಮಲಗುವುದು. ಮಧ್ಯಾಹ್ನ ಮಾತ್ರೆಗೆಂದು ಅರ್ಧ ಲೋಟ ಹಾಲು, ಅದೂ ನಮ್ಮ ಕಾಟಕ್ಕೆ. ಡಾಕ್ಟರು ಹೀಗಾದರೆ ನಮ್ಮ ಕೈಯಲ್ಲಿಲ್ಲ ಎಂದರು. ಬಳೆಗಳು ಮೊಣಕೈಯವರೆಗೆ ಏರುತ್ತಿದ್ದವು.

ಸಿಸ್ಟರ ವಿಷಯ ಹೇಳಿ, ಮನಸ್ಸಿನಲ್ಲೇ ಪೂಜೆ ಮಾಡಬಹುದಂತಲ್ಲ ಅತ್ತೇರೆ ಎಂದೆ. "ಮನಸ್ಸಿನಾಗೆ ಉಂಡ್ರೆ ಹೊಟ್ಟೆ ತುಂಬ್ತೈತೇನು ನಿಂದು?" ಎಂದು ಗೋಡೆಗೆ ತಿರುಗಿ ಮಲಗಿದರು. ಅದನ್ನು ಸಿಸ್ಟರಿಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. "ಬರೋಬ್ಬರಿ ಕೇಳ್ಯಾರೆ. ನಂಗೂ ಗೊತ್ತಿಲ್ಲ. ನಡೀರಿ, ಅವರನ್ನೇ ಕೇಳಾನ," ಎಂದು ಮರುದಿನ ಬೆಳಿಗ್ಗೆ ಸಿಟಿ ಬಸ್ಸು ಹಿಡಿದು ಬಂದೇಬಿಟ್ಟರು.

ಅತ್ತೆಯ ಎದುರಿಗೆ ಚಾಪೆಯ ಮೇಲೆ ಕೂತರು. ಧ್ಯಾನ ಎನ್ನುವ ಮಾತನ್ನೇ ಎತ್ತಲಿಲ್ಲ.

"ಅವ್ವಾರೆ, ನಾನು ನಿಮ್ಮ ಮಂದಿ ಅಲ್ಲ. ಆಪರೇಷನ್ನಿಗೆ ಹೋಗೋರ ಕೊರಳಿನ ಕರಡಿಗೆ ಬಿಚ್ಚಿಸಿ ಅವರ ಮನೆಯೋರ ಕೈಗೆ ಕೊಟ್ಟೀನಿ. ಒಳಗೆ ಏನೈತೆ, ಏನ್ ಮಾಡ್ತಾರೆ, ಒಂದಿನ ನೋಡಿಲ್ಲ. ಹೇಳಿಕೊಡ್ತೀರಾ?"

"ಈಗ ಕಲ್ತು ಏನ್ ಮಾಡ್ತಿ?"

"ಏನೂ ಮಾಡಲ್ಲ. ತಿಳ್ಕಂಬೇಕು ಅಷ್ಟೆ. ಮೊದ್ಲು ಏನು?"

"ಮೊದ್ಲು ಜಳಕ. ಇನ್ನೇನು, ಹಂಗೇ ಕುಂತ್ಕಂತಾರೇನು?"

"ಆತು, ಜಳಕ ಆತು. ಆಮೇಲೆ?"

"ವಿಭೂತಿ."

"ಹಣೆಗಾ?"

"ಹಣೆಗೊಂದೇ ಅಂತಾಳೆ," ಎಂದು ಅತ್ತೆ ನನ್ನ ಕಡೆ ನೋಡಿದರು. ಎಷ್ಟೋ ದಿನದ ಮೇಲೆ ಆ ಕಣ್ಣಿನಲ್ಲಿ ಹಳೆಯ ಕೊಂಕು ಕಾಣಿಸಿತ್ತು. ಹಣೆ, ಕೊರಳು, ತೋಳು, ಎದೆ ಎಂದು ಬೆರಳಿನಿಂದ ತೋರಿಸುತ್ತ ಹೋದರು. ಬೆರಳು ನಡುಗುತ್ತಿತ್ತು. ಸಿಸ್ಟರು ಪಟ್ಟು ಬಿಡಲಿಲ್ಲ. ವಿಭೂತಿ ನೀರಾಗೆ ಕಲಸಬೇಕಾ? ಅದಕ್ಕೆ ವಾಸನೆ ಐತಾ? ಮಣೆ ಯಾವ ಕಡೆ ಮುಖ? ಲಿಂಗ ಯಾವ ಕೈಗೆ, ಬಲಗೈಗಾ?

"ಎಡಗೈಗೆ ತಂಗಿ. ಹಿಂಗೆ, ಎದೆ ಮಟ್ಟಕ್ಕೆ," ಎಂದು ಅತ್ತೆ ಕೈ ಎತ್ತಿ ತೋರಿಸಿದರು. ಸರಿಯಾಗಿ ತೋರಿಸಬೇಕೆಂಬ ಹಟದಲ್ಲಿ ಬೆನ್ನು ನೆಟ್ಟಗಾಯಿತು. ಕಣ್ಣು ಅರ್ಧ ಮುಚ್ಚಿತು.

ಸಿಸ್ಟರ ದನಿ ತಗ್ಗಿತು. "ಇಟ್ರಾ?"

"ಇಟ್ಟೆ."

"ಹೆಂಗೈತೆ?"

"ತಣ್ಣಗೈತೆ. ನೀರು ಹಾಕಿದ್ನಲ್ಲ."

"ಭಾರ?"

"ನೆಲ್ಲಿಕಾಯಷ್ಟು."

"ಏನ್ ಕಾಣ್ತೈತೆ ಹೇಳ್ರಿ."

ಅತ್ತೆ ಅಂಗೈಯ ಮೇಲೆ ಬಗ್ಗಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಕರ್ರಗೆ ಹೊಳೀತೈತೆ. ಅದ್ರಾಗೆ ಕಿಟಕಿ ಕಾಣ್ತೈತೆ."

"ಯಾವ ಕಿಟಕಿ?"

"ನಮ್ಮಪ್ಪನ ಮನೇದು. ಕೊಕ್ಕನೂರಿಂದು. ಮೂರು ಸರಳು." ಅತ್ತೆಯ ದನಿ ಸಣ್ಣ ಹುಡುಗಿಯದಾಗಿತ್ತು. "ಅಪ್ಪ ಹಿಂದೆ ಕುಂತಾನೆ. ನನ್ನ ಕೈ ಕೆಳಗೆ ತನ್ನ ಕೈ ಹಿಡಿದಾನೆ. ನಂಗೆ ಕೈ ನಡುಗ್ತೈತೆ, ಸಣ್ಣಾಕಿ ಅಲ್ಲ? ನಡುಗ್ಲಿ ಬಿಡವ್ವ, ನಾನು ಹಿಡಿದೀನಿ ಅಂತಾನೆ."

ಆ ಬರಿ ಅಂಗೈ ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಲೇ ಇತ್ತು. ನಡುಕ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಸ್ಟರು ಅದನ್ನೇ ನೋಡುತ್ತ, "ಬಿತ್ತೇನ್ರಿ?" ಎಂದು ಕೇಳಿದರು.

"ಬೀಳಲ್ಲ," ಎಂದರು ಅತ್ತೆ. "ಇದು ಹೆಂಗೆ ಬೀಳ್ತೈತೆ?"

ಆಮೇಲೆ ಬಿಲ್ವಪತ್ರೆ ಏರಿತು, ಹೂವು ಏರಿತು, ಮಂತ್ರ ಆಯಿತು. ಕೊನೆಗೆ ಅತ್ತೆ ಬರಿ ಕೈಯನ್ನು ಕಣ್ಣಿಗೊತ್ತಿಕೊಂಡು, ಎದೆಯ ಮೇಲಿದ್ದ ಕರಡಿಗೆಗೆ ಮುಟ್ಟಿಸಿದರು. ಕಣ್ಣು ಬಿಟ್ಟು ನನ್ನನ್ನು ನೋಡಿ, "ಉಪ್ಪಿಟ್ಟು ಐತೋ, ಎಲ್ಲಾ ಬಳಕಂಡು ತಿಂದೀರೋ?" ಎಂದರು. ನಾನು ಅಡುಗೆಮನೆಗೆ ಓಡಿದೆ. ಬಾಣಲೆಯಲ್ಲಿ ಉಳಿದದ್ದನ್ನೆಲ್ಲ ತಟ್ಟೆಗೆ ಹಾಕಿದೆ.

ಆವತ್ತಿನಿಂದ ಅತ್ತೆಯ ಪೂಜೆ ಹಾಗೇ ನಡೆದಿದೆ. ಇದು ಶಾಸ್ತ್ರಕ್ಕೆ ಸರಿಯೋ ಎಂದು ಅಯ್ಯನವರನ್ನು ಕೇಳಿದರೆ, ಅವರು ಒಮ್ಮೆ ಬಂದು ಅತ್ತೆ ಕೂತದ್ದನ್ನು ದೂರದಿಂದ ನೋಡಿ, ಕೈ ಮುಗಿದು ಹೋದರು.

ಕೆಲವು ತಿಂಗಳ ಕೆಳಗೆ ಸಿಸ್ಟರಿಗೆ ಹೃದಯದ ತೊಂದರೆಯಾಗಿ, ಹರಿಹರದಲ್ಲಿದ್ದ ತಂಗಿಯ ಮನೆಗೆ ಹೋದರು. ಒಂದು ಸಂಜೆ ನೋಡಲು ಹೋದಾಗ ಹೊಳೆಯ ತನಕ ನಡೆಯೋಣ ಎಂದರು. ಮೆಲ್ಲಗೆ ನಡೆದು ಹೋಗಿ ಮೆಟ್ಟಿಲ ಮೇಲೆ ಕೂತೆವು. ಬೇಸಿಗೆಯ ತುಂಗಭದ್ರೆ, ನೀರಿಗಿಂತ ಬಂಡೆಯೇ ಹೆಚ್ಚು. ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ.

"ಸಿಸ್ಟರ್, ನಮಗೆಲ್ಲ ಕೇಳ್ತೀರಿ. ನೀವು ಕಣ್ಣು ಮುಚ್ಚಿದ್ರೆ ನಿಮಗೆ ಏನ್ ಕಾಣ್ತೈತೆ?"

ಅವರು ನಕ್ಕರು. "ಏನೂ ಕಾಣಲ್ಲ."

ತಮಾಷೆ ಎಂದುಕೊಂಡೆ.

"ನಿಜವಾಗ್ಲೂ ಕಣ್ರಿ. ಕತ್ತಲು, ಅಷ್ಟೆ. ಹುಟ್ಟಿದಾಗಿಂದ ಹಂಗೆ. ಸಾಲ್ಯಾಗೆ ಕಣ್ಣು ಮುಚ್ಚಿ ದೇವರನ್ನ ನೋಡ್ರಿ ಅಂದ್ರೆ, ಅದೊಂದು ಮಾತು ಅಂದ್ಕಂಡಿದ್ದೆ. ಹೊಟ್ಟೆ ಉರೀತು ಅಂತೀವಲ್ಲ, ಬೆಂಕಿ ಇರ್ತೈತಾ? ಹಂಗೆ. ಆ ಭಟ್ಟಿ ಹುಡುಗ ನಾಯಿ ಅಂದಾಗ, ಸುಡದೆ ಇದ್ದ ಕೈ ಮುಂದೆ ಚಾಚಿ ಸವರಿದ. ಆವತ್ತೇ ಗೊತ್ತಾಗಿದ್ದು, ಇವರಿಗೆಲ್ಲ ನಿಜವಾಗ್ಲೂ ಕಾಣ್ತೈತೆ ಅಂತ."

ಅವರು ನೀರಿನ ಕಡೆ ನೋಡುತ್ತ, "ನಮ್ಮವ್ವ ಹೋದ ಮೇಲೆ ಆಕಿ ಮುಖ ನಂಗೆ ಒಂದ್ಸಲನೂ ಬಂದಿಲ್ಲ," ಎಂದರು. "ಮೂಗುಬೊಟ್ಟು ಇತ್ತು ಅಂತ ಗೊತ್ತು. ಕಾಣಲ್ಲ. ಅದಕ್ಕೇ ನಿಮ್ಮನ್ನೆಲ್ಲ ಕೇಳದು. ನೀವು ಹೇಳ್ತಿದ್ರೆ, ಕೇಳ್ಕಂತ ಕುಂತ್ರೆ, ನಂಗೆ ಭಾಳ ಹಗುರ ಆಗ್ತೈತೆ. ನನ್ನ ಧ್ಯಾನ ಅದೇ ಕಣ್ರಿ."

ದೇವರ ನೈವೇದ್ಯಕ್ಕೆ ಅಡುಗೆ ಮಾಡುವಾಗ ನಾವು ರುಚಿ ನೋಡುವುದಿಲ್ಲ. ಉಪ್ಪು, ಹುಳಿ ಎಲ್ಲ ಅಂದಾಜು. ಎಲೆಗೆ ಬಡಿಸಿದ ಮೇಲೆ ತಿಂದವರು ಹೇಳಿದರೇ ಗೊತ್ತು. ಒಂದು ದಿನ ಹಾಗೆ ಮಾಡುವುದಕ್ಕೇ ನನಗೆ ಕೈ ಹಿಂಜರಿಯುತ್ತದೆ. ಈ ಹೆಂಗಸು ಬದುಕಿಡೀ ಹಾಗೇ ಮಾಡಿ ಬಡಿಸಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಾಚೆ ಗದ್ದೆ, ಗೋದಾಮು, ಪೆಟ್ರೋಲ್ ಬಂಕು ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಅವರ ಪಕ್ಕ ಅಷ್ಟು ಹತ್ತಿರ ಕೂತು ಬಂದಿದ್ದೆ ಎನ್ನುವುದಕ್ಕೇ ಮೈ ಜುಮ್ಮೆನ್ನುತ್ತಿತ್ತು.

ಅತ್ತೆಗೆ ಹೇಳಲಿಲ್ಲ. ಭಯವಾಯಿತು. ಅವರ ಪೂಜೆ, ಪೂಜೆಯನ್ನು ನಂಬಿದ ಊಟ, ಊಟವನ್ನು ನಂಬಿದ ಜೀವ ಎಲ್ಲ ಆ ಹೆಂಗಸಿನ ಒಂದು ಬೆಳಗಿನ ಮಾತಿನ ಮೇಲೆ ನಿಂತಿತ್ತು. ಮಾತಾಡಿಸಿದವರಿಗೇ ಏನೂ ಕಂಡಿರಲಿಲ್ಲ ಎಂದರೆ, ಹಾಗಾದರೆ ನಾನು ಕಂಡದ್ದೂ ಸುಳ್ಳೇ ಎಂದು ಮತ್ತೆ ಗೋಡೆಗೆ ತಿರುಗಿದರೆ?

ಸಿಸ್ಟರು ಹೋದ ಸುದ್ದಿ ಬಂದಾಗ ನಾನೂ ನಮ್ಮ ಮನೆಯವರೂ ಹರಿಹರಕ್ಕೆ ಹೋಗಿ ಮಣ್ಣು ಮುಗಿಸಿಕೊಂಡು ಬಂದೆವು. ಜಳಕ ಮಾಡಿ ಬಂದು ಅತ್ತೆಯ ಹತ್ತಿರ ಕೂತೆ. ಅವರು ಎಲ್ಲವನ್ನೂ ಕೇಳಿದರು. ಯಾರ್ಯಾರು ಬಂದಿದ್ದರು, ಮುಖ ಹೇಗಿತ್ತು, ಯಾವ ಸೀರೆ ಉಡಿಸಿದ್ದರು. ಆಮೇಲೆ, "ಊರಿಗೆಲ್ಲ ತೋರಿಸಿದಾಕಿ. ಹೋಗೋ ಮುಂದೆ ಆಯಮ್ಮಗೆ ಏನ್ ಚಂದ ಕಂಡಿತ್ತೋ," ಎಂದರು.

ನನಗೆ ತಡೆಯಲಾಗಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೇಳಿದ್ದನ್ನೆಲ್ಲ ಹೇಳಿದೆ. ಹೇಳಿ ಮುಗಿಸಿ, ತಪ್ಪು ಮಾಡಿದೆನೇ ಎಂದು ಅವರ ಮುಖವನ್ನೇ ನೋಡಿದೆ. ಅತ್ತೆ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

"ಏನೂ ಕಾಣ್ತಿರ್ಲಿಲ್ಲ?"

"ಇಲ್ಲಂತೆ ಅತ್ತೇರೆ."

"ಅವ್ವನ ಮುಖನೂ?"

"ಇಲ್ಲಂತೆ."

"ಅದಕ್ಕೇ," ಎಂದರು. "ಆಯಮ್ಮಗೆ ಕಾಣ್ತಿದ್ರೆ ತಾನು ಕಂಡಿದ್ದನ್ನೇ ನಂಗೆ ತೋರಿಸ್ತಿದ್ಲು. ನಂದು ನಂಗೆ ಸಿಗ್ತಿರ್ಲಿಲ್ಲ." ಆಮೇಲೆ ಮಲಗಿದರು. ಮುಖ ನಮ್ಮ ಕಡೆಗೇ ಇತ್ತು.

ಮರುದಿನ ಬೆಳಿಗ್ಗೆ ನಾನು ಅಕ್ಕಿ ಆರಿಸುತ್ತಿದ್ದೆ. ದೇವರ ಕೋಣೆಯಿಂದ ಮಾತು ಕೇಳಿಸಿತು. ಯಾರು ಬಂದರೆಂದು ಹೋಗಿ ನೋಡಿದರೆ ಯಾರೂ ಇರಲಿಲ್ಲ. ಅತ್ತೆ ಮಣೆಯ ಮೇಲೆ ಕೂತಿದ್ದರು. ಎದುರಿಗೆ, ಆವತ್ತು ಸಿಸ್ಟರು ಕೂತಿದ್ದ ಚಾಪೆ ಹಾಸಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಎಡಗೈ ಎದೆಯ ಮಟ್ಟಕ್ಕೆ ಎತ್ತಿ, ದಿನಾ ಮನಸ್ಸಿನಲ್ಲಿ ಮಾಡುವುದನ್ನು ಈಗ ಬಾಯಿಬಿಟ್ಟು, ನಿಧಾನವಾಗಿ, ಒಂದೊಂದಾಗಿ ಹೇಳುತ್ತಿದ್ದರು.

"ವಿಭೂತಿ ಆತು. ಇದು ತಣ್ಣಗಿರ್ತೈತೆ, ಹಣೆಗೆ ಹಚ್ಚಿದ ತಕ್ಷಣ ಬಿಗಿ ಅನ್ನಿಸ್ತೈತೆ. ಈಗ ಲಿಂಗ ಇಟ್ಟೆ. ಕರ್ರಗೈತೆ. ಅದ್ರಾಗೆ ಕಿಟಕಿ, ಮೂರು ಸರಳು. ಬೆಳಕು ಈಗ ಬರ್ತೈತೆ. ಅಲ್ಲಿ ಬಾಗಿಲ ಹತ್ರ ಒಬ್ಬಾಕಿ ನಿಂತಾಳೆ ತಂಗಿ, ಮೂಗುಬೊಟ್ಟು ಐತೆ, ನಿಮ್ಮವ್ವ ಇರ್ಬೇಕು. ಕಾಣ್ತಾ?"

ಸ್ವಲ್ಪ ಹೊತ್ತು ಕಾದರು.

"ಇರ್ಲಿ. ನಾನು ನೋಡ್ತೀನಿ, ನೀನು ಕೇಳು."